ಕೊನೆಯಲ್ಲೊಂದು ಇಕಾರ

ಫೆಬ್ರುವರಿ 4, ಮಂಗಳವಾರ

ಬೆಳಿಗ್ಗೆ ಎರಡು ರೂಟ್ ಕೆನಾಲ್. ಮೂರನೆಯವನು ಸಿರಿಂಜ್ ನೋಡಿದ ತಕ್ಷಣ ನೋವೇ ಹೋಯಿತು ಡಾಕ್ಟ್ರೇ ಎಂದು ಕುರ್ಚಿಯಿಂದ ಇಳಿದು ನಡೆದುಬಿಟ್ಟ. ಸಿಸ್ಟರ್ ನಕ್ಕೂ ನಕ್ಕೂ ಟ್ರೇ ಬೀಳಿಸಿದಳು. ಎಲ್ಲ ಮತ್ತೆ ಸ್ಟೆರಿಲೈಸ್ ಮಾಡಬೇಕಾಯಿತು.

ಮಧ್ಯಾಹ್ನ ಅಮ್ಮನ ಸರದಿ. ಅಳ್ಳಾಡುತ್ತಿದ್ದ ಕೊನೆಯ ಹಲ್ಲುಗಳನ್ನೂ ಇವತ್ತು ಕಿತ್ತೆ. ಹೆತ್ತವಳ ಬಾಯಿಗೆ ಇಕ್ಕಳ ಹಾಕುವ ಕೆಲಸ ಶತ್ರುವಿಗೂ ಬೇಡ. ಆಮೇಲೆ ಊಟ ಸೇರಲಿಲ್ಲ. ಅವಳು ಮಾತ್ರ ಹತ್ತಿ ಕಚ್ಚಿಕೊಂಡು, ಸೆರಗು ಸರಿಮಾಡಿಕೊಂಡು ಮಹಡಿ ಹತ್ತಿದಳು. ಕೆಳಗೆ ಕ್ಲಿನಿಕ್, ಮೇಲೆ ಮನೆ. ಒಸಡು ಮಾಗಿದ ಮೇಲೆ ಹಲ್ಲಿನ ಸೆಟ್ ಮಾಡಿಸಬೇಕು.

ಸಂಜೆ ಸಸ್ಯೋದ್ಯಾನದಿಂದ ಫೋನ್. ಸಸ್ಯಶಾಸ್ತ್ರಜ್ಞನಾಗಿದ್ದ ಅಪ್ಪ ಕಂಡುಹಿಡಿದ ಗಿಡ ಅವರ ತೋಟದಲ್ಲಿ ಮೊದಲ ಸಲ ಹೂ ಬಿಟ್ಟಿದೆಯಂತೆ. ಕಾಡಿನಲ್ಲಿ ಬಿಟ್ಟರೆ ಎಲ್ಲೂ ಹೂ ಬಿಡದ ಜಾತಿ. ಮೇ ತಿಂಗಳಲ್ಲಿ ಅದರ ಮುಂದೆ ಬೋರ್ಡ್ ನಿಲ್ಲಿಸುತ್ತಾರೆ. ಹೆಸರು ಹೇಗೆ ಬಂತು ಎಂದು ಒಂದು ಸಾಲು ಬೇಕು, ಮಗಳು ನೀವೇ ಬರೆದುಕೊಡಿ ಎಂದರು.

ಇದೇನು ದೊಡ್ಡ ವಿಷಯ. ಅದು ನನ್ನ ಹೂವು. ಪುಸ್ತಕದಲ್ಲಿ ಅದಕ್ಕೆ ಎರಡು ಪದದ ಹೆಸರು. ಮೊದಲನೆಯದು ಕುಲದ್ದು, ನಾಲಿಗೆ ಹೊರಳುವುದಿಲ್ಲ. ಎರಡನೆಯದು ಚಿನ್ನಿ. ನನಗೆ ಸರ್ಟಿಫಿಕೇಟಿನಲ್ಲಿ ಬೇರೆ ಹೆಸರಿದೆ, ಮನೆಯಲ್ಲಿ ಮಾತ್ರ ತೊಟ್ಟಿಲಿನಿಂದಲೂ ಚಿನ್ನಿ. ಪ್ರಪಂಚದ ದೊಡ್ಡ ಪುಸ್ತಕಗಳಲ್ಲೆಲ್ಲ ನನ್ನ ಹೆಸರಿನ ಹೂವಿದೆ ಎಂದು ಶಾಲೆಯಲ್ಲಿ ಕೊಚ್ಚಿಕೊಂಡದ್ದಕ್ಕೆ ಲೆಕ್ಕವಿಲ್ಲ.

"ತಂದೆಯೊಬ್ಬ ಮಗಳ ಮೇಲಿನ ಅಕ್ಕರೆಯಿಂದ ಇಟ್ಟ ಹೆಸರು." ಬರೆದು ಕಳಿಸಿಯೇಬಿಟ್ಟೆ.

ಫೆಬ್ರುವರಿ 6

ಗಾರ್ಡನ್ ಮೇಡಂ (ಹಾಗೇ ಬರೆಯುತ್ತೇನೆ, ನನಗಿಂತ ತುಂಬಾ ಚಿಕ್ಕವಳು) ಸಂಕೋಚದಿಂದ ಫೋನ್ ಮಾಡಿದಳು. ಹೆಸರು ಅಚ್ಚಾದ ವರ್ಷ ಹೇಳಿದಳು. ನಾನು ಹುಟ್ಟಿದ ವರ್ಷ ಕೇಳಿದಳು.

ಆ ವರ್ಷ ನಾನು ಹುಟ್ಟಿಯೇ ಇರಲಿಲ್ಲ. ಅಪ್ಪ ಅಮ್ಮನ ಮದುವೆಯಾದ ವರ್ಷ ಅದು.

ಅಂದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದನೇ? ಅಪ್ಪ ಅಂಥ ಮನುಷ್ಯನಲ್ಲ. ನನ್ನ ಹುಟ್ಟುಹಬ್ಬವನ್ನೇ ಅಮ್ಮ ನೆನಪಿಸಬೇಕಿತ್ತು. ಹಾಗಾದರೆ ಚಿನ್ನಿ ಯಾರು? ಅಮ್ಮ ಅಲ್ಲ. ಅಮ್ಮನನ್ನು ಅಪ್ಪ ಜನ್ಮದಲ್ಲಿ ಹೆಸರು ಹಿಡಿದು ಕರೆದವನಲ್ಲ. "ಕೇಳಿಸ್ತಾ" ಅನ್ನುತ್ತಿದ್ದ. ಬೇರೆ ಕೋಣೆಯಲ್ಲಿದ್ದರೂ "ಕೇಳಿಸ್ತಾ", ಎದುರಿಗೇ ಕೂತಿದ್ದರೂ "ಕೇಳಿಸ್ತಾ". ಚಿಕ್ಕವಳಿದ್ದಾಗ ಅಮ್ಮನ ಹೆಸರೇ ಅದು ಎಂದುಕೊಂಡಿದ್ದೆ.

ಫೆಬ್ರುವರಿ 9, ಭಾನುವಾರ

ಕೇಳಿದೆ. ಅಮ್ಮ ಸೂಪ್ ಕುಡಿಯುತ್ತಿದ್ದಳು. ಹಲ್ಲಿಲ್ಲದ ಬಾಯಿಯಲ್ಲಿ ಅವಳ ಮಾತು ಗಾಳಿಗೆ ಹಾರಿದ ಹಾಗೆ ಬರುತ್ತೆ, ಕಿವಿಗೊಟ್ಟು ಕೇಳಬೇಕು.

"ಹೂವಿಗೆ ನಿನ್ನ ಹೆಸರಲ್ಲ. ನಿನಗೆ ಹೂವಿನ ಹೆಸರು," ಅಂದಳು.

ನನಗೆ ಇಟ್ಟದ್ದು ಯಾರು ಎಂದರೆ, ನಾನೇ ಅಂದಳು. ಹೂವಿಗೆ ಯಾರದ್ದು ಎಂದರೆ, ಸೂಪಿಗೆ ಉಪ್ಪು ಸಾಲದು ಅಂದಳು. ಇವಳು ಬಾಯಿ ಮುಚ್ಚಿದಳೆಂದರೆ ನನ್ನ ಯಾವ ಉಪಕರಣಕ್ಕೂ ತೆರೆಯುವುದಿಲ್ಲ.

ಫೆಬ್ರುವರಿ 20

ಗಾರ್ಡನ್‌ಗೆ ಹೋಗಿಬಂದೆ. ನನ್ನ ಹೂವನ್ನು (ನನ್ನದೋ ಯಾರದೋ) ಜೀವಂತ ನೋಡಿದ್ದು ಇದೇ ಮೊದಲು.

ಕಲ್ಲುಗಳ ನಡುವೆ ಮೊಣಕಾಲೆತ್ತರ. ದಪ್ಪ ಎಲೆ, ಅಂಚಿಗೆ ಸಣ್ಣ ಮುಳ್ಳು. ಹೂವು ಮಾಸಿದ ಹಳದಿ, ಕಿರುಬೆರಳ ಉಗುರಿನಷ್ಟು, ಎಲೆಯ ಅಡಿಗೆ ತಲೆ ತಗ್ಗಿಸಿಕೊಂಡಿದೆ. ಬಗ್ಗದಿದ್ದರೆ ಕಾಣುವುದೇ ಇಲ್ಲ. ಸುಂದರ ಅನ್ನಲು ಮನಸ್ಸು ಬಹಳ ದೊಡ್ಡದಿರಬೇಕು. ಹಸಿ ಸೌತೆಕಾಯಿಯ ವಾಸನೆ. ಇದರ ಮೇಲೆ ಶಾಲೆಯಲ್ಲಿ ಅಷ್ಟು ಜಂಬ!

ಗಾರ್ಡನ್ ಮೇಡಂ ಮೊದಲು ಅಚ್ಚಾದ ಪುಟ ತೋರಿಸಿದಳು. ಹೆಸರಿನ ಕೆಳಗೆ ಅಪ್ಪ ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದಿದ್ದಾನೆ. ಕನ್ನಡದಲ್ಲಿ ಹೇಳುವುದಾದರೆ, ಬೆಟ್ಟದ ಹಾದಿಯುದ್ದಕ್ಕೂ ಜೊತೆ ಬಿಡದ ಸಂಗಾತಿಗೆ. ಅಷ್ಟೇ. ಯಾರು, ಎತ್ತ, ಏನೂ ಇಲ್ಲ. ಎರಡು ಸಲ ಓದಿದೆ.

ಇನ್ನೊಂದು ತೊಡಕು. "ಲ್ಯಾಟಿನ್ನಲ್ಲಿ ಕೊನೇ ಅಕ್ಷರ ಮುಖ್ಯ ಮೇಡಂ," ಅಂದಳು. "ಹೆಂಗಸಿನ ಹೆಸರಿಟ್ರೆ ಕೊನೇಲಿ ಬೇರೆ ಥರ ಬರುತ್ತೆ. ಹೀಗೆ ಬರೀ 'ಇ' ಬಂದ್ರೆ ಗಂಡಸು. ಚಿನ್ನ ಅನ್ನೋದನ್ನ ಲ್ಯಾಟಿನ್ ಮಾಡಿ ಚಿನ್ನಸ್ ಅಂದ್ಕೊಳ್ಳಿ. ಚಿನ್ನಸ್‌ನ ಹೂವು ಅನ್ನೋದೇ ಚಿನ್ನಿ. ಅದು ಚಿನ್ನಿ ಅನ್ನೋ ಹೆಸರೇ ಅಲ್ಲ."

ಅಂದರೆ ಈ ಭೂಮಿಯ ಮೇಲೆ ಚಿನ್ನಿ ಎಂದು ನಾನೊಬ್ಬಳೇ. ನಾನು ಒಂದು ಷಷ್ಠೀ ವಿಭಕ್ತಿ. ಅಪ್ಪ ವ್ಯಾಕರಣದಲ್ಲಿ ತಪ್ಪು ಮಾಡುವವನೂ ಅಲ್ಲ, ನನ್ನ ರಜಾ ಅರ್ಜಿಗಳಿಗೂ ಕೆಂಪು ಗೆರೆ ಹಾಕುತ್ತಿದ್ದ. ಇವಳ ಆಫೀಸಿನಲ್ಲೇ ಅರ್ಧ ಜನ ಗಿಡ ಚೀನಾದ್ದು ಎಂದು ತಿಳಿದಿದ್ದಾರಂತೆ. ಅವರೇ ಪುಣ್ಯವಂತರು.

ಮಾರ್ಚ್ 2

ಚಿನ್ನ. ಗಂಡಸು. ಜೊತೆ ಬಿಡದ ಸಂಗಾತಿ.

ಪೇಷಂಟ್ ಒಬ್ಬರ ಎಡಗಡೆಯ ಹಲ್ಲಿಗೆ ಬದಲು ಬಲಗಡೆಯದಕ್ಕೆ ಡ್ರಿಲ್ ಹಿಡಿದಿದ್ದೆ. ಸಿಸ್ಟರ್ ಕೆಮ್ಮಿದಳು, ಬಚಾವಾದೆ.

ಅಪ್ಪನ ಗೆಳೆಯರನ್ನೆಲ್ಲ ನೆನಪು ಮಾಡಿಕೊಂಡೆ. ನೆನಪು ಮಾಡಿಕೊಳ್ಳುವಷ್ಟು ಗೆಳೆಯರು ಎಲ್ಲಿದ್ದರು? ಮನೆಯಲ್ಲಿ ಅಪ್ಪನ ಮಾತಿಗೆ ರೇಷನ್ ಇತ್ತು. ಮಾತಾಡದ ಮನುಷ್ಯ ಒಳಗೆ ಯಾರನ್ನು ಇಟ್ಟುಕೊಂಡಿದ್ದ? ಇದ್ದರೆ ನನಗೇನು ಎಂದು ಒಂದು ಮನಸ್ಸು. ನನಗೇ ಅಲ್ಲವೇ ಆ ಹೆಸರು ಹಚ್ಚಿದ್ದು ಎಂದು ಇನ್ನೊಂದು. ಸತ್ತು ಮೂರು ವರ್ಷವಾದವನ ಮೇಲೆ ಸಿಟ್ಟು ಮಾಡಿಕೊಂಡು ಎಲ್ಲಿ ಒಯ್ದು ಹಾಕಲಿ.

ಮಾರ್ಚ್ 16, ಭಾನುವಾರ

ಅಮ್ಮನೇ ಮಾತು ತೆಗೆದಳು. ಬಟ್ಟೆ ಮಡಚುತ್ತಿದ್ದೆವು. ನಾನು ಏನೂ ಕೇಳಿರಲಿಲ್ಲ. ಅವಳು ಹೇಳಿದ್ದನ್ನೆಲ್ಲ ಬರೆದಿಡುತ್ತೇನೆ.

ಮದುವೆಯಾದ ಹೊಸತು. ಅಪ್ಪನ ಹೆಸರಿಗೆ ಒಂದು ಪುಸ್ತಕ ಅಂಚೆಯಲ್ಲಿ ಬಂತು. ಗಂಡನ ಹೆಸರು ಅಚ್ಚಾಗಿದೆಯಲ್ಲ ಎಂದು ಖುಷಿಯಿಂದ ಬಿಚ್ಚಿದಳು. ಹೂವಿನ ಹೆಸರು ಓದಿದಳು. ಚಿನ್ನಿ. ಕೆಳಗಿನ ಸಾಲು ಓದಿದಳು. ಸಂಗಾತಿ. ಅಪ್ಪ ಬಂದಾಗ ಯಾರಿದು ಎಂದು ಕೇಳಿದಳಂತೆ. ಅಪ್ಪ ಕಿವಿಯವರೆಗೂ ಕೆಂಪಾಗಿ, ಗಿಡ ಹುಡುಕುವ ಟೂರಿನಲ್ಲಿ ಜೊತೆಗಿದ್ದವರು, ಯಾರಿಗೂ ಹೇಳಬೇಡ, ಕೆಲಸಕ್ಕೆ ಕುತ್ತು ಬರುತ್ತೆ ಅಂದನಂತೆ.

"ಇನ್ನೇನು ಕೇಳಲಿ? ಹೊಸಾ ಮದುವಣಗಿತ್ತಿ ನಾನು. ಬಾಯಿ ಮುಚ್ಕೊಂಡೆ."

ಆಮೇಲೆ ನಾನು ಹುಟ್ಟಿದೆ. ಏನು ಹೆಸರಿಡೋಣ ಎಂದು ಎಲ್ಲರೂ ಯೋಚಿಸುತ್ತಿದ್ದರೆ ಇವಳು ಹಾಸಿಗೆಯಿಂದಲೇ, ಚಿನ್ನಿ ಅಂತ ಕರೆಯೋಣ ಅಂದುಬಿಟ್ಟಳಂತೆ.

"ಯಾಕೆ ಗೊತ್ತಾ? ಆ ಹೆಸರು ಅವರ ಬಾಯಲ್ಲಿ ಇನ್ಯಾರಿಗೂ ಉಳೀಬಾರ್ದು ಅಂತ. ಚಿನ್ನಿ ಅಂತ ಬಾಯಿ ತೆಗೆದ್ರೆ ನನ್ನ ಮಗಳೇ ಓಡಿ ಬರ್ಬೇಕು ಅಂತ."

ನಾನು ಮಡಚುತ್ತಿದ್ದ ಟವೆಲ್ ಕೈಯಲ್ಲೇ ಉಳಿಯಿತು.

ಅಪ್ಪ ಏನು ಮಾಡಿದ ಎಂದು ಕೇಳಿದೆ. ನಕ್ಕನಂತೆ. ಗೋಡೆ ಹಿಡಿದುಕೊಂಡು, ಬಿದ್ದೂ ಬಿದ್ದೂ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕನಂತೆ. ಅಷ್ಟು ನಕ್ಕಿದ್ದನ್ನು ಅವಳು ಮೊದಲೂ ನೋಡಲಿಲ್ಲ, ಆಮೇಲೂ ನೋಡಲಿಲ್ಲ. ಕಳ್ಳ ಸಿಕ್ಕಿಬಿದ್ದಾಗ ನಗುವ ನಗು ಅದು ಎಂದು ಅಮ್ಮನ ತೀರ್ಮಾನ. ಆವತ್ತಿನಿಂದ ಅಪ್ಪ ನನ್ನನ್ನು ಕರೆದಾಗಲೆಲ್ಲ ಅವನ ಮುಖ ನೋಡುತ್ತಿದ್ದಳಂತೆ. ಒಮ್ಮೆಯೂ ಬಣ್ಣ ಬದಲಾಗಲಿಲ್ಲ. ತುಟಿಯ ತುದಿಯಲ್ಲಿ ಸಣ್ಣ ನಗು ಮಾತ್ರ ಇರುತ್ತಿತ್ತಂತೆ.

ಆ ಸಣ್ಣ ನಗು ನನಗೆ ಗೊತ್ತು. ನನ್ನ ಮೇಲಿನ ಪ್ರೀತಿ ಅಂದುಕೊಂಡಿದ್ದೆ.

ಹೆಂಗಸಲ್ಲಮ್ಮ, ಗಂಡಸು ಎಂದು ನಾಲಿಗೆ ತುದಿಗೆ ಬಂತು. ಹೇಳಿದರೆ ಅವಳಿಗೆ ಸಮಾಧಾನವೋ, ಇನ್ನೂ ಗಾಬರಿಯೋ ತಿಳಿಯದೆ ನುಂಗಿಕೊಂಡೆ.

ಏಪ್ರಿಲ್ 3

ಇಷ್ಟು ದಿನ ಬರೆಯಲು ಮನಸ್ಸೇ ಬರಲಿಲ್ಲ.

ಹಾಲ್‌ನಲ್ಲಿರುವ ಅಪ್ಪನ ಫೋಟೋವನ್ನು ಒರೆಸುವ ನೆಪದಲ್ಲಿ ಇಳಿಸಿದೆ. ಮತ್ತೆ ಹಾಕಿದೆ. ಸಿಸ್ಟರ್ ನನ್ನನ್ನು "ಚಿನ್ನಿ ಡಾಕ್ಟ್ರೇ" ಎಂದು ಕರೆದರೆ ತಿರುಗಿ ನೋಡಲೂ ಬೇಜಾರು. ಅಮ್ಮ ಬೇಲಿಗೆ ಹಾಕಿದ ಮುಳ್ಳು ನಾನು. ಪ್ರೀತಿಯಿಂದ ಇಟ್ಟಿದ್ದಲ್ಲ. ಇದನ್ನು ಬರೆಯುವಾಗ ಅಳು ಬರುತ್ತಿದೆ, ಈ ವಯಸ್ಸಿನಲ್ಲಿ.

ಗಾರ್ಡನ್‌ನಿಂದ ಮತ್ತೆ ಮೆಸೇಜ್. ಬೋರ್ಡ್ ಪೇಂಟರ್‌ಗೆ ಸಾಲು ಬೇಕಂತೆ.

ಏಪ್ರಿಲ್ 8

ಒಸಡು ಚೆನ್ನಾಗಿ ಮಾಗಿದೆ. ಸೆಟ್ಟಿಗೆ ಅಮ್ಮನ ಒಸಡಿನ ಅಚ್ಚು ತೆಗೆದೆ. ಬಾಯಿ ತುಂಬ ಗುಲಾಬಿ ಪೇಸ್ಟ್ ಇಟ್ಟು, ಗಲ್ಲ ಹಿಡಿದು ನಿಂತೆ. ಅವಳು ಮಾತಾಡುವ ಹಾಗಿಲ್ಲ, ನಾನು ಕೈ ಬಿಡುವ ಹಾಗಿಲ್ಲ. ಅವಳ ಕಣ್ಣು, ನನ್ನ ಕಣ್ಣು. ಇಷ್ಟು ವರ್ಷ ಹೀಗೇ ಬಾಯಿ ತುಂಬ ಏನೋ ಇಟ್ಟುಕೊಂಡು ಬದುಕಿದಳಲ್ಲ ಎಂದು ಕನಿಕರ ಉಕ್ಕಿತು. ಸಿಟ್ಟು ಅರ್ಧಕ್ಕೆ ಇಳಿಯಿತು.

ಏಪ್ರಿಲ್ 11

ಏನೋ ಸಿಕ್ಕಿದೆ. ಏನೆಂದು ಗೊತ್ತಾಗುತ್ತಿಲ್ಲ.

ಅಪ್ಪ ಮೊದಲು ಕಿತ್ತು ತಂದ ಗಿಡ ಒಣಗಿಸಿ, ದಪ್ಪ ಕಾಗದಕ್ಕೆ ಅಂಟಿಸಿ ಗಾರ್ಡನ್‌ನ ಬೀರುವಿನಲ್ಲಿ ಇಟ್ಟಿದ್ದಾರೆ. ನ್ಯಾಫ್ತಲಿನ್ ವಾಸನೆಯ ಕೋಣೆ. ಮೇಡಂ ಕಾಗದವನ್ನು ಹಸುಗೂಸು ಎತ್ತಿದ ಹಾಗೆ ಎತ್ತಿ ತಂದಳು. ಕಂದು ಬಣ್ಣದ ಕಡ್ಡಿ, ಎಲೆಗಳು, ಎರಡು ಹೂವು. ದೊಡ್ಡ ಎಲೆಯೊಂದರ ಅರ್ಧವೇ ಇಲ್ಲ. ಹುಳ ತಿಂದಿರಬೇಕು ಅಂದಳು.

ನಾನು ಕ್ಲಿನಿಕ್‌ನಿಂದ ನೇರ ಹೋಗಿದ್ದೆ, ಹಲ್ಲು ನೋಡಲು ಕಣ್ಣಿಗೆ ಹಾಕುವ ಭೂತಕನ್ನಡಿ ಚೀಲದಲ್ಲೇ ಇತ್ತು. ಹಾಕಿಕೊಂಡು ನೋಡಿದೆ. ಹುಳ ತಿಂದರೆ ಅಂಚು ನುಣ್ಣಗಿರುತ್ತೆ. ಇದು ಜಜ್ಜಿ ಕತ್ತರಿಸಿದ ಅಂಚು. ಬಾಚಿಹಲ್ಲಿನ ಗುರುತು. ಮೇಲಿನದೂ ಇದೆ, ಕೆಳಗಿನದೂ ಇದೆ. ಹಸುವಿಗೂ ಆಡಿಗೂ ಮೇಲೆ ಬಾಚಿಹಲ್ಲೇ ಇರುವುದಿಲ್ಲ. ಮನುಷ್ಯನ ಹಲ್ಲಿಗಿಂತ ತೀರಾ ಅಗಲ. ಅಪ್ಪನ ಹಲ್ಲು ನಾನೇ ನೋಡಿಕೊಳ್ಳುತ್ತಿದ್ದೆ, ಖಂಡಿತ ಅವನದ್ದಲ್ಲ.

ದಾನ ಬಂದ ಆಕಳ ಹಲ್ಲು ಎಣಿಸಬೇಡ ಅನ್ನುತ್ತಾರೆ. ಎಣಿಸುವುದೇ ನನ್ನ ಕಸುಬು, ಏನು ಮಾಡಲಿ.

ಅಚ್ಚಾದ ಪುಟದ ಚಿತ್ರದಲ್ಲಿ ಮಾತ್ರ ಅದೇ ಎಲೆ ಇಡಿಯಾಗಿದೆ. ಮೂಲೆಯಲ್ಲಿ ಚಿತ್ರ ಬರೆದವರ ಸಹಿ. ಚಿತ್ರದ ಮಾಮ! ಅಪ್ಪನ ಜೊತೆ ಟೂರಿಗೆ ಹೋಗುತ್ತಿದ್ದವರು. ನಾನು ಚಿಕ್ಕವಳಿದ್ದಾಗ ಮನೆಗೆ ಬಂದು ನನ್ನ ನೋಟ್‌ಪುಸ್ತಕದ ಮೇಲೆಲ್ಲ ಬೆಕ್ಕು ಬರೆದುಕೊಡುತ್ತಿದ್ದರು. ಅವರು ನನಗೆ ಯಾಕೆ ಮೊದಲೇ ಹೊಳೆಯಲಿಲ್ಲ? ಇರುವುದೂ ಇದೇ ಊರಲ್ಲಿ.

ಏಪ್ರಿಲ್ 19, ಶನಿವಾರ

ಎರಡು ಸಲ ಪೆನ್ ಕೆಳಗಿಟ್ಟೆ. ನಗುವಿಗೋ ಏನೋ.

ಚಿತ್ರದ ಮಾಮ ಮಗನ ಮನೆಯಲ್ಲಿದ್ದಾರೆ, ಲಿಫ್ಟ್ ಕೆಟ್ಟ ಕಟ್ಟಡದ ಮೇಲಿನ ಮಹಡಿ. ಕೆಳಗಿಳಿದು ಬಹಳ ಕಾಲವಾಯಿತಂತೆ. ನನ್ನನ್ನು ನೋಡಿದ ತಕ್ಷಣ ಸೆಟ್ ತೆಗೆದು ಅಂಗೈಗೆ ಕೊಟ್ಟು, ಮೊದಲು ಇದನ್ನ ನೋಡು, ಟಕಟಕ ಅನ್ನುತ್ತೆ ಅಂದರು. ಬಲಗಡೆ ಕೊಂಚ ಎತ್ತರವಿತ್ತು. ಸೊಸೆಯ ಉಗುರು ಉಜ್ಜುವ ಅರ ಇಸಿದುಕೊಂಡು ಆದಷ್ಟು ಸರಿಮಾಡಿಕೊಟ್ಟೆ. ಸೋಮವಾರ ಸೆಟ್ಟನ್ನು ಕ್ಲಿನಿಕ್‌ಗೆ ಕಳಿಸಿ ಎಂದು ಸೊಸೆಗೆ ಹೇಳಿದೆ. ಆಮೇಲೆ ಫೋನಿನಲ್ಲಿ ಎಲೆಯ ಫೋಟೋ ತೋರಿಸಿದೆ.

"ಹೂಂ. ನಾನು ಇರೋ ಹಾಗೇ ಬರೆದಿದ್ದೆ, ಕಚ್ಚಿದ ಎಲೆ. ನಿಮ್ಮಪ್ಪ ಗಲಾಟೆ ಮಾಡಿ ಇಡೀ ಎಲೆ ಬರೆಸಿದ."

ಕಚ್ಚಿದ್ದು ಯಾರು ಮಾಮ ಎಂದೆ.

"ಚಿನ್ನ."

ಕುರ್ಚಿ ಹತ್ತಿರ ಎಳೆದುಕೊಂಡೆ. ಚಿನ್ನ ಅಂದರೆ ಯಾರು ಎಂದು ಕೇಳಿದೆ.

"ಕತ್ತೆ," ಅಂದರು.

ಇಷ್ಟೂ ಗೊತ್ತಿಲ್ವಾ ಎಂದು ನನ್ನನ್ನೇ ಬೈದರು ಅಂದುಕೊಂಡೆ. ಅಲ್ಲ. ನಿಜವಾದ ಕತ್ತೆ. ನಾಲ್ಕು ಕಾಲಿನದು. ಟೂರಿಗೆ ಸಾಮಾನು ಹೊರಲು ಬಾಡಿಗೆಗೆ ಹಿಡಿದ ಗಂಡು ಕತ್ತೆ, ಹೆಸರು ಚಿನ್ನ.

ಅಪ್ಪನ ಮದುವೆ ಗೊತ್ತಾಗಿತ್ತಂತೆ, ಅದಕ್ಕೆ ಮುಂಚಿನ ಕೊನೆಯ ಟೂರು. ಬೆಟ್ಟದ ಮೇಲೆ ಕತ್ತೆ ಒಂದು ಕಡೆ ನಿಂತುಬಿಟ್ಟಿತು. ಎಳೆದರೂ ಬರಲಿಲ್ಲ. ಅಪ್ಪ ಬಯ್ದುಕೊಂಡು ಹಿಂದೆ ಹೋಗಿ ನೋಡಿದರೆ ಅದರ ಬಾಯಲ್ಲಿ ಯಾರೂ ಕಾಣದ ಹೂವಿನ ಗಿಡ. ಬಾಯಿಂದಲೇ ಕಿತ್ತುಕೊಂಡ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತಾರೆ, ನಮ್ಮ ಕತ್ತೆಗೆ ಗೊತ್ತಿತ್ತು ಎಂದು ಮಾಮ ಸೆಟ್ ಜಾರುವಷ್ಟು ನಕ್ಕರು.

ಅವರ ಡೈರೆಕ್ಟರ್ ಆ ಹೂವಿಗೆ ತನ್ನ ಹೆಸರಿಡುತ್ತಾರೆ ಎಂದು ಕಾದುಕೊಂಡಿದ್ದನಂತೆ. ಮೊದಲು ನೋಡಿದವರ ಹೆಸರೇ ನ್ಯಾಯ ಎಂದು ಅಪ್ಪ ಕತ್ತೆಯ ಹೆಸರಿಟ್ಟ. ಡೈರೆಕ್ಟರಿಗೆ ತಿಳಿದರೆ ಕೆಲಸ ಹೋಗುತ್ತಿತ್ತು. ಸಂಗಾತಿ ಎಂದು ಬರೆದು ಸಾಗಹಾಕಿದ.

ಅಮ್ಮನಿಗಾದರೂ ಯಾಕೆ ಹೇಳಲಿಲ್ಲ ಎಂದೆ.

"ಹೇಳಬೇಕು ಅಂತಲೇ ಇದ್ದ. ಅಷ್ಟರಲ್ಲಿ ನೀನು ಹುಟ್ಟಿದೆ. ನಿಮ್ಮಮ್ಮ ಆ ಹೆಸರನ್ನೇ ಹಿಡಿದು ಕೂತಳು. ಮಗೂಗೆ ಇಟ್ಟಿರೋದು ಕತ್ತೆ ಹೆಸರು ಅಂತ ಹಡೆದ ಹೆಂಡ್ತಿಗೆ ಯಾವ ಬಾಯಲ್ಲಿ ಹೇಳ್ತಾನೆ? ಮಾರನೇ ದಿನ ಬಂದು ನನ್ನ ಹತ್ರ ಹೇಳ್ಕೊಂಡು ನಗ್ತಾನೆ, ನಗ್ತಾನೆ. ಸಾಯೋವರೆಗೂ ಹೇಳಬೇಡ ಅಂದಿದ್ದ. ಅವನು ಸತ್ತನಲ್ಲ, ಹೇಳಿದೀನಿ."

ಹೊರಡುವಾಗ ಬಾಗಿಲ ಹತ್ತಿರ ಮಾಮ ಇನ್ನೊಂದು ಹೇಳಿದರು. ಅದನ್ನು ಮರೆಯಲು ಆಗುತ್ತಿಲ್ಲ. ಅಪ್ಪ ಮನುಷ್ಯರ ಜೊತೆ ಮಾತಾಡಲು ಬರದ ಪ್ರಾಣಿ, ಆ ಕತ್ತೆಯ ಜೊತೆ ಮಾತ್ರ ದಿನವಿಡೀ ಮಾತು. ಬಾರೋ ಚಿನ್ನ. ಇನ್ನೊಂದು ಹೆಜ್ಜೆ ಚಿನ್ನ. ಕಾಲು ನೋಯ್ತಾ ಚಿನ್ನ. ಹುಡುಗಿ ನೋಡಿ ಬಂದೆ ಚಿನ್ನ, ಏನು ಮಾತಾಡಬೇಕು ಅಂತಲೇ ತಿಳೀಲಿಲ್ಲ ಚಿನ್ನ.

ಏಪ್ರಿಲ್ 20

ಬೆಳಿಗ್ಗೆ ಹಲ್ಲುಜ್ಜುತ್ತಾ ಕನ್ನಡಿ ನೋಡಿಕೊಂಡು ನಗು ಬಂತು. ಕತ್ತೆಯ ಹೆಸರಿನವಳು. ಕತ್ತೆ ಹಾಗೆ ದುಡಿಯುತ್ತೀಯ ಎಂದು ಅಪ್ಪ ಆಗಾಗ ಹೇಳುತ್ತಿದ್ದ, ಆ ಸಣ್ಣ ನಗುವಿನ ಜೊತೆ. ಬಡ್ಡಿಮಗ... ಅಪ್ಪನಿಗೆ ಹೀಗೆ ಬರೆಯಬಾರದು. ಬರೆದಾಯಿತು.

ಅವನ ಮೇಲಿನ ಸಿಟ್ಟೆಲ್ಲ ಹೋಯಿತು. ಹೋದ ಜಾಗದಲ್ಲಿ ಏನಿದೆ ಎಂದು ತಿಳಿಯುತ್ತಿಲ್ಲ. ಅಮ್ಮ ಅಷ್ಟು ವರ್ಷ ಇಲ್ಲದ ಹೆಂಗಸಿನ ಜೊತೆ ಸಂಸಾರ ಮಾಡಿದಳು. ಒಂದು ಇಕಾರವನ್ನು ಕನ್ನಡ ಎಂದು ಓದಿದ್ದಕ್ಕೆ. ಲ್ಯಾಟಿನ್ ಬಲ್ಲವರು ಆ ತಪ್ಪು ಮಾಡುತ್ತಿರಲಿಲ್ಲ. ಕನ್ನಡ ಬಲ್ಲವರು ಮಾಡದೇ ಇರಲು ಸಾಧ್ಯವೇ ಇರಲಿಲ್ಲ.

ಹೇಳಲೋ ಬೇಡವೋ. ಹೇಳಿದರೆ ಅವಳ ಭಾರ ಇಳಿಯುತ್ತದೆ. ಅಥವಾ, ಇಷ್ಟು ವರ್ಷ ಸುಮ್ಮನೆ ಬೆಂದೆನಲ್ಲ ಎಂದು ಹೊಸ ಭಾರ ಹತ್ತುತ್ತದೆ. ಹೇಳದಿದ್ದರೆ ಮೇ ತಿಂಗಳಲ್ಲಿ ಬೋರ್ಡ್ ಅವಳಿಗೆ ಹೇಳುತ್ತದೆ. ಅವಳು ಬೋರ್ಡ್ ಓದದೆ ಬಿಡುವವಳಲ್ಲ.

ಏಪ್ರಿಲ್ 27

ಬೋರ್ಡಿಗೆ:

"ಹೂವನ್ನು ಮೊದಲು ಕಂಡ ಚಿನ್ನ ಎಂಬ" — ಎಂಬ ಏನು? ಎಂಬವರು ಎಂದರೆ ಸುಳ್ಳು. ಎಂಬ ಕತ್ತೆ ಎಂದರೆ ಅಮ್ಮ ಓದುತ್ತಾಳೆ.

ಹೊಡೆದು ಹಾಕಿದೆ.

"ಸಂಗಾತಿಯ ನೆನಪಿಗೆ." ಇದು ಅಪ್ಪ ಮಾಡಿದ ಕಳ್ಳಾಟವೇ. ಮತ್ತೆ ಅದನ್ನೇ ನಾನು ಮಾಡಲೇ? ಅದನ್ನೂ ಹೊಡೆದೆ.

ಅಮ್ಮನಿಗೆ ಮೇಣದ ಮೇಲೆ ಹಲ್ಲು ಜೋಡಿಸಿ ತೋರಿಸಿದೆ. ಕನ್ನಡಿಯಲ್ಲಿ ನೋಡಿಕೊಂಡು, ತೀರಾ ಬಿಳಿ, ಯಾರನ್ನ ಮೆಚ್ಚಿಸೋಕೆ ಎಂದಳು. ಲ್ಯಾಬ್‌ಗೆ ಬಣ್ಣ ಬದಲಿಸಲು ಹೇಳಿದೆ. ಹೇಳಬೇಕಾದ್ದು ಹೇಳಲಿಲ್ಲ.

ಮೇ 6, ಮಂಗಳವಾರ

ಮಧ್ಯಾಹ್ನ ಕ್ಲಿನಿಕ್ ಬಾಗಿಲು ಹಾಕಿ, ಸಿಸ್ಟರನ್ನು ಊಟಕ್ಕೆ ಕಳಿಸಿ, ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದೆ. ಸೆಟ್ ಬಂದಿತ್ತು. ಕೂಡಿಸಿದೆ. ಕಚ್ಚು, ಬಿಡು, ಎಂಜಲು ನುಂಗು. ಮಾತು ಸರಿ ಬರುತ್ತದೆಯೇ ಎಂದು ನೋಡಲು ಎಲ್ಲರಿಗೂ ಹೇಳಿಸುವ ಹಾಗೆ, ಚಮಚ ಅನ್ನು ಎಂದೆ. ಶಮಶ ಅಂದಳು. ತೆಗೆದು ಉಜ್ಜಿ ಮತ್ತೆ ಕೂಡಿಸಿದೆ. ಚಮಚ ಅಂದಳು, ಸ್ವಚ್ಛವಾಗಿ. ಮುಖ ತುಂಬಿಕೊಂಡಿತ್ತು. ಮದುವೆಯ ಫೋಟೋದ ಅಮ್ಮ ಸ್ವಲ್ಪ ಇಣುಕಿದ ಹಾಗಾಯಿತು.

ಆಗಲೇ ಹೇಳಿಬಿಟ್ಟೆ. ಎಲೆ, ಹಲ್ಲಿನ ಗುರುತು, ಚಿತ್ರದ ಮಾಮ, ಡೈರೆಕ್ಟರ್, ಲ್ಯಾಟಿನ್ನಿನ ಇಕಾರ, ಎಲ್ಲ. ಕೊನೆಗೆ, ಕತ್ತೆಯಮ್ಮ, ಗಂಡು ಕತ್ತೆ ಎಂದೆ.

ಅಮ್ಮ ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು. ಭುಜ ಕುಣಿಸಿಕೊಂಡು, ಹೊಸ ಸೆಟ್ ಜಾರದ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ನನ್ನ ಹೆಣ್ಣುಮಗುವಿಗೆ ಕತ್ತೆ ಹೆಸರಿಟ್ಟೆನಲ್ಲೇ ಎಂದು ನನ್ನ ಕೆನ್ನೆ ಹಿಂಡಿದಳು. ಗೆದ್ದೆ ಅಂದುಕೊಂಡೆ ನಾನು. ಎಲ್ಲ ಸರಿಹೋಯಿತು ಅಂದುಕೊಂಡೆ.

ನಗು ನಿಂತಿತು.

"ಏನಂತ ಕರೀತಿದ್ರು ಅಂದೆ ಅದನ್ನ?"

"ಚಿನ್ನ."

"ಬಾಯಿಬಿಟ್ಟು?"

ದಿನವಿಡೀ ಅಂತೆ ಎಂದೆ. ಹುಡುಗಿ ನೋಡಿ ಬಂದದ್ದನ್ನು ಕತ್ತೆಗೆ ಹೇಳಿಕೊಂಡದ್ದನ್ನೂ ಹೇಳಿದೆ. ಅದು ಅವಳಿಗೆ ಹಿತವಾಗಬಹುದು ಅಂದುಕೊಂಡೆ. ಅಮ್ಮ ಕುರ್ಚಿಯ ಕೈಗೆ ಅಂಟಿಸಿದ ಪ್ಲಾಸ್ಟಿಕ್ಕನ್ನು ಉಗುರಿನಲ್ಲಿ ಬಿಡಿಸುತ್ತಾ ಕೂತಳು.

"ಬರ್ತಿತ್ತು ಹಾಗಾದ್ರೆ ಅವರಿಗೆ," ಅಂದಳು. "ಹಾಗೆ ಕರೆಯೋಕೆ ಬರಲ್ಲ ಅಂದ್ಕೊಂಡಿದ್ದೆ. ಕೆಲವರಿಗೆ ಬರಲ್ಲ, ಏನ್ಮಾಡೋದು ಅಂತ ಸುಮ್ನಿದ್ದೆ. ಹೆಂಗಸೇ ಆಗಿದ್ರೆ ಬೈಕೊಂಡಾದ್ರೂ ಇರಬಹುದಿತ್ತು. ಕತ್ತೇನ ಹೇಗೆ ಬೈಲಿ?"

ಹೇಳಬಾರದಿತ್ತೇ? ಹೇಳಿದ್ದೇ ಒಳ್ಳೆಯದಾಯಿತೇ? ಈಗಲೂ ಗೊತ್ತಾಗುತ್ತಿಲ್ಲ.

ಹೇಗೆ ಕರೀತಿದ್ರು, ಹೇಳಿ ತೋರಿಸು ಅಂದಳು. ಬಾರೋ ಚಿನ್ನ ಎಂದೆ. ನಿನ್ನ ದನೀಲಿ ಅಲ್ಲ, ಅವರ ದನೀಲಿ ಅಂದಳು. ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದಳು. ಲೈಟ್ ಅವಳ ಮುಖದ ಮೇಲಿತ್ತು, ಪಕ್ಕಕ್ಕೆ ತಿರುಗಿಸಿದೆ.

ಗಂಟಲು ಸರಿಮಾಡಿಕೊಂಡೆ. ಅಪ್ಪನದು ದಪ್ಪ ದನಿ, ಸ್ವಲ್ಪ ಮೂಗಿನದು. ಬಾರೋ ಎಂದರೆ ಕತ್ತೆಯನ್ನು ಕರೆದ ಹಾಗೆ. ಮತ್ತೆ ಕೊನೆಯ ಅಕ್ಷರದಲ್ಲೇ ಬಂದು ಸಿಕ್ಕಿಕೊಂಡೆ. ಅಪ್ಪ ಒಂದು ದಿನವೂ ಆಡದ ಮಾತನ್ನು ಅವನ ದನಿಯಲ್ಲಿ ಆಡಬಹುದೇ? ಅದು ಸುಳ್ಳಲ್ಲವೇ? ಅಮ್ಮ ಕಾಯುತ್ತಿದ್ದಳು.

"ಬಾರೇ ಚಿನ್ನ," ಅಂದೆ.

ಅಮ್ಮ ಕಣ್ಣು ತೆರೆಯಲಿಲ್ಲ. ಹೊಸ ಹಲ್ಲಿನಲ್ಲಿ, ಒಂದಕ್ಷರವೂ ಜಾರದ ಹಾಗೆ, "ಕೇಳಿಸ್ತು," ಅಂದಳು.

ಬೋರ್ಡಿಗೆ ಏನು ಬರೆಯಬೇಕೋ ಇನ್ನೂ ಗೊತ್ತಿಲ್ಲ.